ಬನದ ಹುಣ್ಣಿಮೆಯ ಬಂಡಿ

ನಾನು ಇತಿಹಾಸ ಕಲಿಸುವವನು. ಇಸವಿಗಳನ್ನು ನೆನಪಿಟ್ಟುಕೊಳ್ಳುವುದೇ ನನ್ನ ಕಸುಬು. ಲಕ್ಕುಂಡಿಯ ಅತ್ತಿಮಬ್ಬೆಯ ಶಾಸನ ಯಾವಾಗಿನದು ಎಂದರೆ 1007, ಧಾರವಾಡದಿಂದ ಗದಗ ಬೇರೆ ಜಿಲ್ಲೆಯಾದದ್ದು ಯಾವಾಗ ಎಂದರೆ 1997 ಎಂದು ನಿದ್ದೆಗಣ್ಣಿನಲ್ಲೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಒಂದು ರಾತ್ರಿ, ಅಡುಗೆಮನೆ ಕಟ್ಟೆ ಒರೆಸುತ್ತ ನಿಂತಿದ್ದ ಹೆಂಡತಿ ಕೇಳಿದ ಒಂದು ತಾರೀಖು ಮಾತ್ರ ಹೇಳಲಾಗಲಿಲ್ಲ.

“ಹುಡುಗರ ಫೀಸು, ನಿಮ್ಮವ್ವನ ಗುಳಿಗಿ, ಗ್ಯಾಸಿನ ಸಿಲಿಂಡರು ಇಷ್ಟು ಬಿಟ್ಟು ನಾವಿಬ್ಬರ ಕೂತು ಮಾತಾಡಿದ್ದು ಯಾವಾಗ, ನೆನಪೈತೇನು?”

ನೆನಪಿರಲಿಲ್ಲ. ಅವಳು ಎಲ್ಲೋ ಓದಿದ್ದಳಂತೆ, ಗಂಡ ಹೆಂಡತಿ ವಾರಕ್ಕೊಂದು ಸಂಜೆಯನ್ನು ತಮಗೆಂದೇ ತೆಗೆದಿಟ್ಟುಕೊಂಡು ಹೊರಗೆ ಹೋಗಬೇಕು, ಮದುವೆಯಾಗಿ ಎಷ್ಟೇ ವರ್ಷವಾಗಿರಲಿ ಅದನ್ನು ತಪ್ಪಿಸಬಾರದು ಎಂದು. ನಾನು ನಕ್ಕುಬಿಟ್ಟೆ. “ಅದೆಲ್ಲ ಅಮೆರಿಕಾದವರ ಚಾಳಿ. ನಮ್ಮಲ್ಲಿ ಎಲ್ಲಿತ್ತು ಇಂಥಾದ್ದು?” ಎಂದೆ. ಅವಳು ಅರಿವೆ ಹಿಂಡಿ ಒಣಹಾಕಿ, “ಎಲ್ಲಿತ್ತು ಅಂತ ಹುಡುಕೋದು ನಿಮ್ಮ ಕೆಲಸ ಅಲ್ಲೇನು?” ಎಂದು ಹೇಳಿ ಮಲಗಲು ಹೋದಳು. ಆ ಮಾತು ಚುಚ್ಚಿತು. ಈ ಬರಹ ಆ ಹುಡುಕಾಟದ ಫಲ.

ಮೊದಲು ನನ್ನ ಅರ್ಧ ಸರಿಯನ್ನು ಒಪ್ಪಿಸಿಬಿಡುತ್ತೇನೆ. ‘ಡೇಟ್’ ಎಂಬ ಮಾತು ಗಂಡು ಹೆಣ್ಣಿನ ಭೇಟಿಯ ಅರ್ಥದಲ್ಲಿ ಅಮೆರಿಕದ ಆಡುಮಾತಿನಿಂದಲೇ ಬಂದದ್ದು. 1896ರಲ್ಲಿ ಜಾರ್ಜ್ ಏಡ್ ಎಂಬಾತ ಶಿಕಾಗೋದ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ ಅಂಕಣದಲ್ಲಿ ಅದು ಕಾಣಿಸುತ್ತದೆ. ಅಲ್ಲಿನ ಇತಿಹಾಸಕಾರರು ಇದಕ್ಕೆ ಕೊಡುವ ಕಾರಣ ಸ್ವಾರಸ್ಯವಾಗಿದೆ. ಅನುಕೂಲಸ್ಥರ ಮನೆಯಲ್ಲಿ ಹುಡುಗಿಯನ್ನು ನೋಡಲು ಬಂದವನಿಗೆ ಕೂರಲು ಒಂದು ಪಡಸಾಲೆ ಇತ್ತು. ನಗರದ ಕಾರ್ಮಿಕರು ಒಂದೊಂದು ಕೋಣೆಯಲ್ಲಿ ಐದಾರು ಜನ ಇದ್ದವರು. ಅವರಿಗೆ ಮನೆಯೊಳಗೆ ಜಾಗವಿರಲಿಲ್ಲ, ಹೊರಗೆ ಹೋದರು. ಬೆತ್ ಬೇಯ್ಲಿ 1988ರಲ್ಲಿ ಬರೆದ ಪುಸ್ತಕ ಈ ಬದಲಾವಣೆಯನ್ನೇ ಹಿಂಬಾಲಿಸುತ್ತದೆ. ಅಂದರೆ ಈ ಪದ್ಧತಿಯ ಬೇರು ಶೋಕಿಯಲ್ಲಿಲ್ಲ, ಮನೆಯ ಇಕ್ಕಟ್ಟಿನಲ್ಲಿದೆ.

ಇಕ್ಕಟ್ಟಿನ ಮನೆ ಎಂದ ಕೂಡಲೇ ನನಗೆ ನೆನಪಾಗುವುದು ನಮ್ಮೂರು ಜಕ್ಕಲಿಯ ಹಳೆಯ ಮನೆ. ರೋಣ ತಾಲೂಕಿನ ಜಕ್ಕಲಿ, ನರೇಗಲ್ಲಿನ ಹತ್ತಿರ. ಕರ್ನಾಟಕ ಏಕೀಕರಣದ ಅಂದಾನಪ್ಪ ದೊಡ್ಡಮೇಟಿಯವರ ಊರು ಎಂದರೆ ಹೊರಗಿನವರಿಗೆ ಬೇಗ ಗುರುತು ಸಿಗುತ್ತದೆ. ಮಣ್ಣಿನ ಮಾಳಿಗೆಯ ಮನೆಗಳು. ಬಾಗಿಲು ದಾಟಿದರೆ ಒಂದು ಬದಿಗೆ ದನ ಕಟ್ಟುವ ಜಾಗ, ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರೊಳಗೆ ನಡುಮನೆ, ಇನ್ನೂ ಒಳಗೆ ಅಡುಗೆಮನೆ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಗಂಡಸರು ಪಡಸಾಲೆಯಲ್ಲೋ, ಹೊರಗಿನ ಕಟ್ಟೆಯ ಮೇಲೋ, ಬೆಳೆ ಕಾಯಲು ಹೊಲದಲ್ಲೋ ಮಲಗುತ್ತಿದ್ದರು. ಹೆಂಗಸರು ಮಕ್ಕಳು ಒಳಗೆ. ಹದಿನೆಂಟು ಜನರ ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಒಂದೇ ಇತ್ತು, ಅದರಲ್ಲಿ ಜೋಳದ ಚೀಲಗಳಿದ್ದವು.

ಅಂಥ ಮನೆಯಲ್ಲಿ ಗಂಡ ಹೆಂಡತಿ ಹಗಲಲ್ಲಿ ಎದುರುಬದುರು ನಿಂತು ಮಾತಾಡುವುದು ಮರ್ಯಾದೆಯಲ್ಲ. ಹಿರಿಯರೆದುರು ಅವನು ತನ್ನ ಮಗುವನ್ನೇ ಎತ್ತಿಕೊಳ್ಳುತ್ತಿರಲಿಲ್ಲ. ಅವಳು ಅವನ ಹೆಸರು ಹೇಳುವಂತಿರಲಿಲ್ಲ. ಹೇಳಲೇಬೇಕಾದಾಗ ಒಡಪು ಕಟ್ಟಿ ಅದರ ಪ್ರಾಸದೊಳಗೆ ಹೆಸರನ್ನು ಅಡಗಿಸಿ ಹೇಳಬೇಕು. ಮದುವೆ, ಸೀಮಂತ, ನಾಮಕರಣಗಳಲ್ಲಿ ಹೆಂಗಸರೆಲ್ಲ ಸೇರಿ ಒಬ್ಬಳ ಬಾಯಿಂದ ಒಡಪು ಹೇಳಿಸುವಾಗ ನಗೆಯೇಳುತ್ತಿತ್ತಲ್ಲ, ಅದರ ಹಿಂದೆ ವರ್ಷವಿಡೀ ಬಾಯಲ್ಲಿ ಕಟ್ಟಿಹಾಕಿದ ಒಂದು ಹೆಸರಿತ್ತು.

ಹಾಗಾದರೆ ಅವರು ಭೇಟಿಯಾಗುತ್ತಿದ್ದದ್ದು ಎಲ್ಲಿ? ಇದನ್ನು ಯಾವ ಶಾಸನವೂ ಹೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಕಲ್ಲಿನ ಜೋಡಿಗಳಿಗೆ ಬರವಿಲ್ಲ. ಐಹೊಳೆಯ ದುರ್ಗದಗುಡಿಯ ಮುಂದಿನ ಕಂಬಗಳಲ್ಲಿ ಹೆಗಲ ಮೇಲೆ ಕೈ ಹಾಕಿ ನಿಂತ ಗಂಡುಹೆಣ್ಣುಗಳನ್ನು ಸಾವಿರದ ಮುನ್ನೂರು ವರ್ಷಗಳಿಂದ ಊರೆಲ್ಲ ನೋಡುತ್ತಿದೆ. ಅವರ ಕೆಳಗೆ ಹಾದುಹೋದ ಜೀವಂತ ಜೋಡಿಗಳು ಮಾತ್ರ ಹತ್ತು ಹೆಜ್ಜೆ ಹಿಂದೆ ಮುಂದೆ ನಡೆದವು. ಅವರ ಬಗ್ಗೆ ಕೇಳಬೇಕೆಂದರೆ ಉಳಿದ ದಾರಿ ಒಂದೇ, ಮುದುಕಿಯರು. ನಾನು ನಮ್ಮ ಅಜ್ಜಿಯನ್ನು ಕೇಳಿದೆ. ಆಗ ಅವಳಿಗೆ ತೊಂಬತ್ತರ ಹತ್ತಿರ. ಕಿವಿ ಮಂದ, ನೆನಪು ಚುರುಕು.

“ಅಜ್ಜನ ಜೋಡಿ ನೀ ಒಬ್ಬಾಕೀನ ಎಲ್ಲಿಗರ ಹೋಗಿದ್ದೇನು?” ಎಂದು ಕೂಗಿ ಕೇಳಿದೆ. ನಾಚಿದಳು. ಆಮೇಲೆ ಎರಡು ಬೆರಳು ಎತ್ತಿದಳು. “ವರ್ಷಕ್ಕ ಎಲ್ಡ ಸಲ. ಎಳ್ಳಮಾಸಿಗೆ ಹೊಲಕ್ಕ, ಬನದ ಹುಣ್ಣಿವಿಗೆ ಬನಶಂಕರಿಗೆ.”

ಎಳ್ಳಮಾವಾಸ್ಯೆ ಬರುವುದು ಮಾರ್ಗಶಿರದ ಕೊನೆಗೆ. ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಎದೆಯೆತ್ತರ ನಿಂತಿರುತ್ತದೆ, ಕಡಲೆ ಹಸಿರು, ಕುಸುಬೆ ಮೊಗ್ಗು. ಭೂಮಿತಾಯಿ ಬಸುರಿ ಎಂದು ಅವಳ ಬಯಕೆ ತೀರಿಸಲು ಮನೆಮಂದಿ ಬುತ್ತಿ ಕಟ್ಟಿಕೊಂಡು ಬಂಡಿ ಹೂಡುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡಬು, ಮೊಸರನ್ನ. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಸುಣ್ಣ ಬಳಿದು ಪಾಂಡವರೆಂದು ಪೂಜಿಸಿ, ಆಮೇಲೆ ಹೊಲದ ಸುತ್ತ ಚರಗ ಚೆಲ್ಲುವುದು. ಒಬ್ಬರು ಮುಂದೆ ಅನ್ನ ಚೆಲ್ಲುತ್ತ ಹೋದರೆ ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಹೋಗಬೇಕು. ನಮ್ಮ ಮನೆಯಲ್ಲಿ ಮುಂದೆ ಅಜ್ಜ, ಹಿಂದೆ ಅಜ್ಜಿ. ಹೊಲ ದೊಡ್ಡದು, ಜೋಳ ಎತ್ತರ, ಉಳಿದವರೆಲ್ಲ ಬನ್ನಿಗಿಡದ ಹತ್ತಿರ. “ಮೂಲಿಗೆ ಹೋಗೂತನಾ ಗಪ್ಪ ಇರತಿದ್ದ. ಮೂಲಿ ತಿರುಗಿದ ಮ್ಯಾಲ ಮಾತಾಡತಿದ್ದ” ಎಂದಳು ಅಜ್ಜಿ. ಏನು ಮಾತಾಡುತ್ತಿದ್ದ? “ಏನ ಇಲ್ಲ. ‘ಕಾಲಾಗ ಮುಳ್ಳ ನೋಡ’ ಅಂತಿದ್ದ.”

ಆ ಅಮಾವಾಸ್ಯೆ ಕಳೆದು ಹದಿನೈದು ದಿನಕ್ಕೆ ಪುಷ್ಯದ ಹುಣ್ಣಿಮೆ, ಬನದ ಹುಣ್ಣಿಮೆ. ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿ ಬನಶಂಕರಿಯ ತೇರು ಅಂದು ಎಳೆಯುತ್ತಾರೆ. ಬಾದಾಮಿ ಚಾಲುಕ್ಯರ ಕುಲದೇವಿ ಎಂದು ಹೆಸರಾದ ದೇವಿ. ಶಾಕಂಬರಿ ಎಂದೂ ಕರೆಯುವುದರಿಂದ ಅವಳಿಗೆ 108 ಬಗೆಯ ಪಲ್ಯದ ನೈವೇದ್ಯ ನಡೆಯುತ್ತದೆ. ಗುಡಿಯೆದುರು ಹರಿದ್ರಾತೀರ್ಥದ ಹೊಂಡ. ತೇರು ಒಂದು ದಿನದ್ದಾದರೂ ಜಾತ್ರೆ ಸುಮಾರು ಒಂದು ತಿಂಗಳು ನಿಲ್ಲುತ್ತದೆ. ಬಾಗಿಲ ಚೌಕಟ್ಟಿನಿಂದ ಹಿಡಿದು ಇಳಕಲ್ ಸೀರೆಯವರೆಗೆ ಅಲ್ಲಿ ಸಿಗದ ವಸ್ತುವಿಲ್ಲ. ಎಲ್ಲಕ್ಕಿಂತ ದೊಡ್ಡ ಆಕರ್ಷಣೆ ನಾಟಕ. ಉತ್ತರ ಕರ್ನಾಟಕದ ವೃತ್ತಿ ಕಂಪನಿಗಳು ಸಾಲಾಗಿ ಥಿಯೇಟರು ಹಾಕಿ ಒಂದು ರಾತ್ರಿಗೆ ಎರಡು ಮೂರು ಆಟ ಆಡಿ ಬೆಳಗು ಮಾಡುತ್ತವೆ. ಬೇರೆ ಕಡೆ ಸೋತ ಕಂಪನಿಯೂ ಬನಶಂಕರಿಯ ಒಂದು ತಿಂಗಳಲ್ಲಿ ಉಸಿರಾಡಿಕೊಳ್ಳುತ್ತದೆ ಎಂಬ ಮಾತಿದೆ.

ಈ ಹೊತ್ತನ್ನು ಗಮನಿಸಿ. ಮುಂಗಾರಿನ ಸುಗ್ಗಿ ಮುಗಿದಿದೆ, ಬಿಳಿಜೋಳದ ಕೊಯ್ಲು ಇನ್ನೂ ಬಂದಿಲ್ಲ. ಕೈಯಲ್ಲಿ ಸ್ವಲ್ಪ ಹಣವಿದೆ, ಹೊಲದಲ್ಲಿ ಕಾಯುವುದು ಬಿಟ್ಟರೆ ಕೆಲಸ ಕಡಿಮೆ. ಒಕ್ಕಲುತನದ ಪಂಚಾಂಗದಲ್ಲಿ ಗಂಡಹೆಂಡಿರನ್ನು ಎರಡು ದಿನ ಬಿಟ್ಟುಕೊಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ದೇವರ ಹೆಸರಿರುವುದರಿಂದ ಅತ್ತೆ ಬೇಡವೆನ್ನುವಂತಿಲ್ಲ.

ಅಜ್ಜಿಗೆ ಮದುವೆಯಾದದ್ದು 1950ರ ಸುಮಾರಿಗೆ. ಹುಡುಗಿಯ ಮದುವೆಗೆ ವಯಸ್ಸಿನ ಮಿತಿ ಹಾಕಿದ ಶಾರದಾ ಕಾಯಿದೆ 1929ರಲ್ಲೇ ಬಂದಿತ್ತು. ಅಜ್ಜಿಯನ್ನು ಕೊಡುವಾಗ ಅವಳಿಗೆ ಹದಿನೈದು ತುಂಬಿತ್ತೋ ಇಲ್ಲವೋ ಎಂದು ಯಾರೂ ಲೆಕ್ಕ ಹಾಕಲಿಲ್ಲ. ಮೊದಲ ಎರಡು ವರ್ಷ ಅತ್ತೆ ಕಳಿಸಲಿಲ್ಲ. ಮೂರನೆಯ ವರ್ಷದ ಬಂಡಿಯಲ್ಲಿ ಇವರ ಜೊತೆ ಇನ್ನೂ ನಾಲ್ಕು ಜನ. ರೋಣ ದಾಟಿ ಬಾದಾಮಿಯ ದಾರಿ ಹಿಡಿದರೆ ರಾತ್ರಿಯೆಲ್ಲ ದಾರಿಯಲ್ಲೇ. ಹೋಗಿ ಮುಟ್ಟಿದ ಮೇಲೆ ಹೊಂಡದಲ್ಲಿ ಕಾಲು ತೊಳೆದು, ದೇವಿಗೆ ಕಾಯಿ ಒಡೆಸಿ, ರಾತ್ರಿ ನಾಟಕಕ್ಕೆ. ಹೆಂಗಸರ ಜಾಗ ಬೇರೆ, ಗಂಡಸರ ಜಾಗ ಬೇರೆ. ಅಂದರೆ ನಾಟಕವನ್ನೂ ಅವರು ಒಟ್ಟಿಗೆ ಕೂತು ನೋಡಿದವರಲ್ಲ. ಆದರೆ ಆಟ ಬಿಟ್ಟ ಮೇಲೆ ನಸುಕಿನಲ್ಲಿ ಚಹಾದಂಗಡಿಯ ಮುಂದೆ ಒಂದು ಬಸಿಯಲ್ಲಿ ಅವನು, ಒಂದು ಕಪ್ಪಿನಲ್ಲಿ ಅವಳು. “ಒಂದ ಚಾದಾಗ ಇಬ್ಬರು” ಎಂದಳು. ಆ ಮಾತು ಹೇಳುವಾಗ ತೊಂಬತ್ತರ ಮುಖದಲ್ಲಿ ಏನೋ ಒಂದು ಮಿಂಚಿ ಹೋಯಿತು. ವಾಪಸು ಬರುವಾಗ ಬಂಡಿಯಲ್ಲಿ ಎಲ್ಲರೂ ನಿದ್ದೆ ಹೋದರೆ ಇವರಿಬ್ಬರೂ ನಾಟಕದ ಕತೆಯನ್ನು ಮತ್ತೆ ಹೇಳಿಕೊಳ್ಳುತ್ತ ಬಂದರಂತೆ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನೋಡಿ ಬಂದ ವರ್ಷ ಅದರ ಮಾತುಗಳನ್ನು ಅಜ್ಜ ಸುಗ್ಗಿಯವರೆಗೂ ಹೇಳುತ್ತಿದ್ದನಂತೆ. 1974ರಲ್ಲಿ ಅದೇ ಕತೆ ರಾಜಕುಮಾರರ ಸಿನಿಮಾ ಆಗಿ ಬಂದಾಗ ಅಜ್ಜಿ ನೋಡಲು ಹೋಗಲಿಲ್ಲ. “ನಾವ ನೋಡಿದ್ದು ಛಲೋ ಇತ್ತು” ಎಂಬುದಷ್ಟೇ ಅವಳ ಕಾರಣ.

ನಾನು ಕೊನೆಗೆ ಕೇಳಿದೆ, ಜಾತ್ರೆಯಲ್ಲಿ ನಿನಗೆ ಯಾವುದು ಬಹಳ ಸೇರುತ್ತಿತ್ತು ಎಂದು. ಬಳೆ, ನಾಟಕ, ತೇರು ಎಂದು ಏನಾದರೂ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಇದು: “ಆ ಎಲ್ಡ ದಿನ ನನ್ನ ಯಾರೂ ಕರೀತಿದ್ದಿಲ್ಲ.”

ಈ ಮಾತನ್ನು ನಾನು ಬಹಳ ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ. ದಾಂಪತ್ಯದ ಸರಸ ಎಂದರೆ ನಾವು ಹೂವು, ಉಡುಗೊರೆ, ಸಿಹಿಮಾತು ಎಂದುಕೊಳ್ಳುತ್ತೇವೆ. ಅಜ್ಜಿಯ ಲೆಕ್ಕದಲ್ಲಿ ಅದು ಯಾರೂ ಕರೆಯದ ಹೊತ್ತು. ಸೊಸೆ, ತಾಯಿ, ನೆಗೆಣ್ಣಿ ಎಂಬ ಹೆಸರುಗಳೆಲ್ಲ ಜಕ್ಕಲಿಯಲ್ಲೇ ಉಳಿದು ಒಬ್ಬ ಗಂಡನ ಜೊತೆ ಒಬ್ಬ ಹೆಂಡತಿ ಮಾತ್ರ ಬಂಡಿ ಹತ್ತಿದ ಹೊತ್ತು.

ಇದನ್ನು ಹೇಳುವಾಗ ಹಳೆಯದನ್ನೆಲ್ಲ ಹೊನ್ನೆಂದು ತೋರಿಸುವ ಆಸೆಯಿಂದ ದೂರ ಇರಬೇಕು. ಅಜ್ಜಿ ಹೋದ ಆ ಬಂಡಿಯಲ್ಲಿ ಹೋಗದೆ ಉಳಿದವರೂ ಇದ್ದರು. ಗಂಡನಿಲ್ಲದ ನಮ್ಮ ದೊಡ್ಡಮ್ಮನೊಬ್ಬಳು ಆ ಎರಡು ದಿನ ಎಲ್ಲರ ಕೂಸುಗಳನ್ನೂ ನೋಡಿಕೊಂಡಳು. ಅವಳ ಪಾಲಿಗೆ ಬನದ ಹುಣ್ಣಿಮೆ ಎಂದರೆ ಹೆಚ್ಚಿನ ದುಡಿಮೆ. ಹೆಂಡತಿಯನ್ನು ಬಿಟ್ಟು ಗೆಳೆಯರೊಡನೆ ಜಾತ್ರೆಗೆ ಹೋಗಿ ಸುಗ್ಗಿಯ ಹಣವನ್ನೆಲ್ಲ ಕಳೆದು ಬಂದ ಗಂಡಸರ ಕತೆಗಳಿಗೂ ಊರಲ್ಲಿ ಕೊರತೆಯಿಲ್ಲ. ವರ್ಷಕ್ಕೆ ಎರಡು ಸಲ ಎಂದರೆ ಉಳಿದ ದಿನಗಳಲ್ಲಿ ಏನಿತ್ತು ಎಂದೂ ಕೇಳಬೇಕಾಗುತ್ತದೆ. ಆ ದಿನಗಳ ಕತೆ ಬೀಸುಕಲ್ಲಿನ ಮುಂದೆ ಉಳಿದಿದೆ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಕನ್ನಡದ ಓದುಬಲ್ಲವರಿಗೆ ಮೊದಲ ಸಲ ಈ ಹೆಂಗಸರ ದನಿ ಕೇಳಿಸಿತು. ನಸುಕಿನಲ್ಲಿ ಬೀಸುತ್ತ ಕಟ್ಟಿದ ಆ ತ್ರಿಪದಿಗಳಲ್ಲಿ ತವರು, ಅಣ್ಣ, ಕೂಸು ಇದ್ದಂತೆ ‘ರಾಯ’ನೂ ಇದ್ದಾನೆ. ಎದುರಿಗೆ ಹೇಳಲಾಗದ್ದನ್ನು ಕಲ್ಲಿಗೆ ಹೇಳಿದ ಹಾಡುಗಳು ಅವು. ಆ ರಾಯನಿಗೆ ಅದು ಕೇಳಿಸಿತೋ ಇಲ್ಲವೋ.

ಓದುಬರಹದ ಮನೆಗಳಲ್ಲಿ ಬೇರೊಂದು ದಾರಿ ತೆರೆಯುತ್ತಿತ್ತು. ನಮ್ಮ ಧಾರವಾಡ ಸೀಮೆ ಆಗ ಮುಂಬೈ ಪ್ರಾಂತದಲ್ಲಿತ್ತು, ಪುಣೆಯ ಗಾಳಿ ಇಲ್ಲಿಗೂ ಬೀಸುತ್ತಿತ್ತು. ಪುಣೆಯಲ್ಲಿ ನ್ಯಾಯಾಧೀಶರಾಗಿದ್ದ ಮಹಾದೇವ ಗೋವಿಂದ ರಾನಡೆಯವರು 1873ರಲ್ಲಿ ಹನ್ನೊಂದು ವರ್ಷದ ರಮಾಬಾಯಿಯನ್ನು ಮದುವೆಯಾದರು. ಹಗಲು ಕೋರ್ಟು, ರಾತ್ರಿ ಹೆಂಡತಿಗೆ ಪಾಠ. ಮನೆಯ ಹೆಂಗಸರು ಆಕೆಯನ್ನು ಹಂಗಿಸಿದ್ದನ್ನೂ ಆಕೆ ಬಿಡದೆ ಓದಿದ್ದನ್ನೂ 1910ರಲ್ಲಿ ಪ್ರಕಟವಾದ ತಮ್ಮ ಮರಾಠಿ ನೆನಪುಗಳಲ್ಲಿ ರಮಾಬಾಯಿಯೇ ಬರೆದಿದ್ದಾರೆ. ಗಂಡ ಹೆಂಡತಿ ದಿನಕ್ಕೊಂದು ಹೊತ್ತು ಕೂತು ಓದಬಹುದು, ಮಾತಾಡಬಹುದು ಎನ್ನುವುದೇ ಆಗ ಮನೆಯೊಳಗಿನ ಬಂಡಾಯ.

ಕನ್ನಡದಲ್ಲಿ ಇದರ ಚಂದದ ರೂಪ ಮುದ್ದಣ–ಮನೋರಮೆಯರದು. ಶಿಕಾಗೋದ ಪತ್ರಿಕೆಯಲ್ಲಿ ಆ ಹೊಸ ಮಾತು ಅಚ್ಚಾದ ದಶಕದಲ್ಲೇ, ಉಡುಪಿಯ ಶಾಲೆಯಲ್ಲಿ ಅಂಗಸಾಧನೆ ಕಲಿಸುತ್ತಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪ ‘ಶ್ರೀರಾಮಾಶ್ವಮೇಧ’ ಬರೆಯುತ್ತಿದ್ದ. ಮಳೆಗಾಲ, ದಣಿದು ಮನೆಗೆ ಬಂದ ಕವಿ, ಉಪಚರಿಸುವ ಹೆಂಡತಿ, ಹೊತ್ತು ಕಳೆಯಲು ಒಂದು ಕತೆ ಹೇಳು ಎಂಬ ಅವಳ ಬೇಡಿಕೆ. ಅವನು ಕತೆ ಹೇಳುತ್ತ ಹೋದಂತೆ ಅವಳು ತಡೆಯುತ್ತಾಳೆ, ಕೆಣಕುತ್ತಾಳೆ. ಪದ್ಯ ಬೇಡ ಎನ್ನುತ್ತಾಳೆ, ತಿಳಿಯದ ಸಂಸ್ಕೃತಕ್ಕೆ ಮುಖ ಸಿಂಡರಿಸುತ್ತಾಳೆ. ಅಶ್ವಮೇಧದ ಕತೆ ನಮಗೆ ಅರ್ಧ ಮರೆತಿದೆ, ಆ ಗಂಡಹೆಂಡಿರ ಸಲ್ಲಾಪ ಮರೆತಿಲ್ಲ. ತಮಾಷೆಯೆಂದರೆ ಅಲ್ಲಿ ಅವರು ಮನೆಯಿಂದ ಹೊರಗೇ ಹೋಗುವುದಿಲ್ಲ. ಬರೆದವನು 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯದಿಂದ ತೀರಿಕೊಂಡ. ಕೈಯಲ್ಲಿ ಕಡಿಮೆ ದಿನಗಳಿದ್ದ ಬಡ ಮೇಷ್ಟ್ರೊಬ್ಬ ಹೆಂಡತಿಯ ಜೊತೆಗಿನ ಸಂಜೆಯನ್ನೇ ಕಾವ್ಯದ ಚೌಕಟ್ಟು ಮಾಡಿಕೊಂಡ ಎನ್ನುವುದು ಪಾಠ ಮಾಡುವಾಗಲೆಲ್ಲ ನನ್ನ ಗಂಟಲು ಕಟ್ಟಿಸುತ್ತದೆ.

ಮುಂದೆ 1937ರಲ್ಲಿ ಬೇಂದ್ರೆಯವರ ‘ಸಖೀಗೀತ’ ಬಂತು, 1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’. ‘ಮೈಸೂರು ಮಲ್ಲಿಗೆ’ ಮದುವೆಯಾದವಳನ್ನೇ ಪ್ರೀತಿಸುವ ಸಡಗರವನ್ನು ಕನ್ನಡದ ಮನೆಮನೆಗೆ ತಂದಿತು. ‘ಸಖೀಗೀತ’ದ ಧಾಟಿ ಬೇರೆ. ಬಡತನ, ಸಾವು, ಕಳೆದುಕೊಂಡ ಮಕ್ಕಳು ಇವನ್ನೆಲ್ಲ ದಾಟಿಬಂದ ಗಂಡ ಹೆಂಡತಿಯನ್ನು ಸಖಿ ಎಂದು ಕರೆದು ಬಾಳಿನ ಲೆಕ್ಕ ಒಪ್ಪಿಸುವ ಕಾವ್ಯ ಅದು. ಮೊದಲಿನದು ಹೋಗುವ ದಾರಿಯ ಬಂಡಿಯಂತೆ, ಎರಡನೆಯದು ತಿರುಗಿ ಬರುವ ಬಂಡಿಯಂತೆ ನನಗೆ ಕಾಣುತ್ತದೆ. ಅಜ್ಜಿ ಈ ಎರಡನ್ನೂ ಓದಿದವಳಲ್ಲ, ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಇಷ್ಟು ಹುಡುಕಿದ ಮೇಲೆ ಹೆಂಡತಿ ಓದಿದ್ದರ ಮೂಲವನ್ನೂ ನೋಡಿದೆ. ಬ್ರಿಟನ್ನಿನ ಮ್ಯಾರೇಜ್ ಫೌಂಡೇಶನ್ 2016ರಲ್ಲಿ, ಪುಟ್ಟ ಮಗುವಿದ್ದ ಸುಮಾರು 10 ಸಾವಿರ ಜೋಡಿಗಳ ಹತ್ತು ವರ್ಷಗಳ ಮಾಹಿತಿಯನ್ನು ಪರಿಶೀಲಿಸಿತು. ತಿಂಗಳಿಗೊಮ್ಮೆ ಇಬ್ಬರೇ ಹೊರಗೆ ಹೋಗುತ್ತಿದ್ದ ವಿವಾಹಿತರು ಬೇರ್ಪಡುವ ಸಾಧ್ಯತೆ ಕಡಿಮೆಯಿತ್ತು. ವಾರವಾರ ಹೋಗುತ್ತಿದ್ದವರಿಗೆ ಅದಕ್ಕಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹೊರಗೆ ಹೋದದ್ದರಿಂದಲೇ ಅವರು ಉಳಿದರೋ, ಚೆನ್ನಾಗಿದ್ದುದರಿಂದಲೇ ಹೊರಗೆ ಹೋದರೋ ಎಂಬ ಪ್ರಶ್ನೆ ಇದ್ದೇ ಇದೆ. ಅಮೆರಿಕದ ಮನಃಶಾಸ್ತ್ರಜ್ಞ ಆರ್ಥರ್ ಏರನ್ 2000ದಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ವಿಚಿತ್ರ. ಗಂಡ ಹೆಂಡಿರ ಕೈಕಾಲನ್ನು ಒಂದು ಬದಿಗೆ ಜೋಡಿಸಿ ಕಟ್ಟಿ, ಕೈ ತಾಗಿಸದೆ ದಿಂಬೊಂದನ್ನು ಒಯ್ಯುತ್ತ ಚಾಪೆಯ ಮೇಲೆ ತೆವಳಿಸಿದರು. ಹೀಗೆ ಹೊಸದೊಂದನ್ನು ಕೂಡಿ ಮಾಡಿದವರಿಗೆ ತಮ್ಮ ಸಂಬಂಧದ ಬಗ್ಗೆ ಸಮಾಧಾನ ಹೆಚ್ಚಿತಂತೆ. ಎದೆಯೆತ್ತರದ ಜೋಳದ ನಡುವೆ ಒಬ್ಬರು ಅನ್ನ ಚೆಲ್ಲುತ್ತ ಒಬ್ಬರು ನೀರು ಚಿಮುಕಿಸುತ್ತ ಹೋಗುವುದು ನನ್ನ ಕಣ್ಣಿಗೆ ಬಂತು.

ಆ ರಾತ್ರಿ ನಾನು ಕೇಳಿದ್ದು “ನಮ್ಮಲ್ಲಿ ಎಲ್ಲಿತ್ತು?” ಎಂದು. ಇತ್ತು. ಅದಕ್ಕೆ ಹೆಸರಿರಲಿಲ್ಲ, ಪಂಚಾಂಗದಲ್ಲಿ ಜಾಗವಿತ್ತು. ಊರು, ದೇವರು, ಬೆಳೆ ಮೂರೂ ಸೇರಿ ಅದನ್ನು ಕಾಯುತ್ತಿದ್ದವು, ಇಬ್ಬರೂ ನೆನಪಿಟ್ಟುಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ. ನಾವು ಹೊಲ ಮಾರಿ ಗದಗಿಗೆ ಬಂದೆವು. ಮೂರು ಕೋಣೆಯ ಮನೆ, ಎಲ್ಲಕ್ಕೂ ಬಾಗಿಲು. ಅಜ್ಜಿಗೆ ಇಲ್ಲದ ಏಕಾಂತವೆಲ್ಲ ನಮಗಿದೆ, ಅವಳಿಗಿದ್ದ ಎರಡು ದಿನಗಳು ಮಾತ್ರ ಇಲ್ಲ. ಈಗ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ನಮಗೆ ಹೊಲವಿಲ್ಲ. ಬನಶಂಕರಿಗೆ ಕಾರಿನಲ್ಲಿ ಹೋಗಿ ಮಧ್ಯಾಹ್ನಕ್ಕೆ ವಾಪಸು ಬರುತ್ತೇವೆ, ದಾರಿಯುದ್ದಕ್ಕೂ ಇಬ್ಬರ ಫೋನೂ ಕರೆಯುತ್ತಲೇ ಇರುತ್ತವೆ.

ಅಜ್ಜಿ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಅವಳ ಟ್ರಂಕು ತೆಗೆದಾಗ ಸೀರೆಗಳ ಕೆಳಗೆ ಒಂದು ಬಸಿ ಇತ್ತು. ಕಪ್ಪು ಇರಲಿಲ್ಲ, ಬಸಿ ಅಷ್ಟೇ, ಅಂಚು ಸೀಳಿದ್ದು. ಮನೆಯಲ್ಲಿ ಯಾರಿಗೂ ಅದು ಎಲ್ಲಿಯದೆಂದು ಗೊತ್ತಿರಲಿಲ್ಲ. ಜಾತ್ರೆಯದೇ ಎಂದು ಸಾಬೀತು ಮಾಡಲು ನನ್ನ ಬಳಿಯೂ ಆಧಾರವಿಲ್ಲ. ಇತಿಹಾಸದವನಾಗಿ ಹಾಗೆ ಬರೆಯಲೂ ಬಾರದು. ಹೆಂಡತಿ ಅದನ್ನು ಒರೆಸಿ ತನ್ನ ಚೀಲದಲ್ಲಿಟ್ಟುಕೊಂಡಳು.

ಈಗ ಅಮಾವಾಸ್ಯೆಯ ಸಂಜೆ ನಮ್ಮದು. ತಿಂಗಳಿಗೊಂದು, ಮರೆಯಲು ಆಗದಂಥ ದಿನ ಎಂದು ಅದನ್ನೇ ಆರಿಸಿಕೊಂಡೆವು. ಫೋನು ಎರಡನ್ನೂ ಮಗಳ ಕೈಗೆ ಕೊಟ್ಟು ಭೀಷ್ಮಕೆರೆಯ ಸುತ್ತ ನಡೆಯುತ್ತೇವೆ. ಮೊದಲ ಸಲ ಕಾಲು ಹರದಾರಿ ನಡೆದರೂ ಇಬ್ಬರಿಗೂ ಮಾತು ಹೊರಡಲಿಲ್ಲ. ಹನ್ನೆರಡು ವರ್ಷದ ಸಂಸಾರದಲ್ಲಿ ಫೀಸು, ಗುಳಿಗಿ, ಸಿಲಿಂಡರು ಬಿಟ್ಟು ಬೇರೆ ಮಾತು ನಿಜಕ್ಕೂ ಮರೆತುಹೋಗಿತ್ತು. ಅಜ್ಜ ನೆನಪಾದ. ಕೆರೆಯ ಮೂಲೆ ತಿರುಗಿದ ಮೇಲೆ ನಾನು, “ಕಾಲಾಗ ಮುಳ್ಳ ನೋಡ” ಎಂದೆ. ಅಲ್ಲಿ ಮುಳ್ಳಿರಲಿಲ್ಲ, ಕಾಂಕ್ರೀಟಿನ ದಾರಿ. ಅವಳು ನಿಂತು ನನ್ನ ಮುಖ ನೋಡಿ ನಕ್ಕಳು. ಆಮೇಲೆ ಚಹಾದಂಗಡಿಯವರೆಗೂ ಮಾತಾಡುತ್ತಲೇ ಹೋದೆವು.